ದೊಮ್ಮ

ಬಾಚಣಿಗೆಯ ಹಲ್ಲಿಗೆ ಕಪ್ಪು ಎಳೆಯೊಂದು ಸಿಕ್ಕಿದೆ, ಕೂದಲಲ್ಲ, ದಾರ, ನಿನ್ನೆ ವ್ಯಾನಿನ ಸೀಟು ಹೊಲಿದ ನೈಲಾನ್ ದಾರ, ಇವಳ ತಲೆಗೆ ಯಾವಾಗ ಹತ್ತಿತೋ, ನಮ್ಮ ಮನೆಯಲ್ಲಿ ದಾರ ಹತ್ತದ ಜಾಗ ಯಾವುದಿದೆ, ತಟ್ಟೆಯಲ್ಲಿ ಸಿಗುತ್ತದೆ, ಹಾಸಿಗೆಯಲ್ಲಿ ಸಿಗುತ್ತದೆ, ಒಮ್ಮೆ ಪ್ರಾರ್ಥನೆಗೆ ಮೊಣಕಾಲೂರಿದಾಗ ಇವರ ಮೀಸೆಯಿಂದ ಒಂದು ನೇತಾಡುತ್ತಿತ್ತು, ಆಮೆನ್ ಅನ್ನುವಷ್ಟರಲ್ಲಿ ನಗು ತಡೆಯಲಾಗದೆ ಕೆಮ್ಮಿದ ಹಾಗೆ ಮಾಡಿದ್ದೆ — ಅಲ್ಲಾಡಬೇಡ ಬಟಾಣಿ, ಆಯಿತು, ಇನ್ನೊಂದು ಜುಟ್ಟು ಅಷ್ಟೇ, ಬಿಗಿಯಾಗಿ ಕಟ್ಟುತ್ತೇನೆ, ಸಂಜೆಯವರೆಗೂ ನಿಲ್ಲಬೇಕು, ಸಂಜೆ ಇದನ್ನು ಬಿಚ್ಚುವವರು — ಬೇಡ, ಆ ಕಡೆ ಹೋಗಬಾರದು, ಅಳುವುದಿದ್ದರೆ ಕೆಲಸ ಮುಗಿದ ಮೇಲೆ, ಬೆಳಿಗ್ಗೆ ಎದ್ದಾಗಲೇ ನನಗೆ ನಾನೇ ಹಾಕಿಕೊಂಡ ಗೆರೆ ಅದು, ಇವತ್ತು ಇವಳನ್ನು ಇವಳ ಹೆತ್ತವಳ ಕೈಗೆ ಕೊಡುವುದು ನನ್ನ ಕೆಲಸ, ಕೊಡುವಾಗ ನನ್ನ ಮುಖ ನೋಡಿ ಇವಳು ಹೆದರಬಾರದು. ಬಟಾಣಿ ಎಂದು ಹೆಸರಿಟ್ಟವರು ಇವರು, ಮಕ್ಕಳ ಕೇಂದ್ರದ ಮೇಡಂ ಟವೆಲಿನಲ್ಲಿ ಸುತ್ತಿ ತಂದು ನನ್ನ ಮಡಿಲಿಗೆ ಹಾಕಿದ ದಿನ ಬಗ್ಗಿ ನೋಡಿ, ಏನೇ ಇದು, ಟವೆಲ್ ಬಿಡಿಸಿದ್ರೆ ಒಳಗೆ ಬರೀ ಒಂದು ಬಟಾಣಿ ಇದೆ ಎಂದಿದ್ದರು, ಆ ಬಟಾಣಿ ಅಷ್ಟರಲ್ಲೇ ಬಾಯಿ ತೆರೆದು ಕೇರಿಯೆಲ್ಲ ಕೇಳುವಂತೆ ಕಿರುಚಿತ್ತು. ಮೇಡಂ ಅಂದೇ ಎಲ್ಲ ಬಿಚ್ಚಿ ಹೇಳಿದ್ದರು, ಏನನ್ನೂ ಮುಚ್ಚಿಡಲಿಲ್ಲ, ನೋಡಮ್ಮ, ಇದು ದತ್ತು ಅಲ್ಲ, ಇದರ ತಾಯಿಗೆ ಹೆರಿಗೆ ಆದ್ಮೇಲೆ ಮನಸ್ಸಿನ ಕಾಯಿಲೆ, ಆಸ್ಪತ್ರೇಲಿದ್ದಾಳೆ, ತನ್ನದೇ ಮಗು ಅಂತ ಗುರುತೇ ಸಿಕ್ತಿಲ್ಲ, ಗಂಡ ಅನ್ನೋನು ಬಿಟ್ಟು ಹೋಗಿದ್ದಾನೆ, ಅವಳು ಹುಷಾರಾಗೋವರೆಗೂ ನೀವು ಸಾಕ್ಬೇಕು, ಹುಷಾರಾದ್ರೆ ವಾಪಸ್ ಕೊಡ್ಬೇಕು, ಆಗುತ್ತಾ ನಿಮ್ಮ ಕೈಲಿ? ಆಗುತ್ತೆ ಮೇಡಂ ಎಂದೆ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಎಂದೆ, ಮದುವೆಯಾಗಿ ಇಷ್ಟು ವರ್ಷ ಖಾಲಿಯಿದ್ದ ಮಡಿಲು ಯೋಚನೆ ಮಾಡಿ ಮಾತಾಡುತ್ತದೆಯೇ, ಹುಷಾರಾದರೆ ಎಂಬ ಮಾತು ಆಗ ಯಾವುದೋ ದೂರದ ಊರಿನ ಹೆಸರಿನ ಹಾಗೆ ಕೇಳಿಸಿತ್ತು, ನಾವೆಂದೂ ಹೋಗಬೇಕಾಗದ ಊರು. ಇವರಿಗೆ ಮಾತ್ರ ಮೊದಲ ದಿನದಿಂದಲೂ ನೆನಪಿತ್ತು, ಅಮ್ಮ ಅಂತ ಕಲಿಸ್ಬೇಡ ಕಣೇ, ಆ ಜಾಗ ಖಾಲಿ ಬಿದ್ದಿಲ್ಲ, ಆ ಜಾಗದೋಳಿಗೆ ಹುಷಾರಿಲ್ಲ ಅಷ್ಟೇ, ದೊಡ್ಡಮ್ಮ ಅನ್ಲಿ ಎಂದರು, ನನಗೆ ಸಿಟ್ಟು ಬಂದಿತ್ತು, ಆದರೂ ದೊಡ್ಡಮ್ಮ ಎಂದೇ ಕಲಿಸಿದೆ, ಇವಳ ಬಾಯಲ್ಲಿ ಅದು ದೊಮ್ಮ ಆಯಿತು, ದೊಡ್ಡಪ್ಪ ದೊಪ್ಪ ಆದರು, ದೊಪ್ಪ ಅಂದರೆ ಏನೋ ಮೇಲಿನಿಂದ ಬಿದ್ದ ಹಾಗೆ ಇದೆಯಲ್ಲೇ ಎಂದು ಇವರು ಮೂಟೆಯ ಹಾಗೆ ಸೀಟಿಗೆ ತುಂಬುವ ಸ್ಪಂಜಿನ ಮೇಲೆ ಬಿದ್ದು ತೋರಿಸುತ್ತಿದ್ದರು, ಇವಳು ಇನ್ನೊಮ್ಮೆ ಇನ್ನೊಮ್ಮೆ ಎಂದು ಕುಣಿಯುತ್ತಿದ್ದಳು.

ಇವರು ಶೆಡ್ಡಿನಲ್ಲಿದ್ದಾರೆ, ಹಳೆಯ ಕಾರಿನ ಸೀಟೊಂದರ ಚರ್ಮ ಸುಲಿಯುತ್ತಿದ್ದಾರೆ, ಟಕ್ ಟಕ್ ಎಂದು ಪಿನ್ನು ಕೀಳುವ ಸದ್ದು ಇಲ್ಲಿಯವರೆಗೂ ಬರುತ್ತಿದೆ, ಯಾವತ್ತಿಗಿಂತ ಜೋರಾಗಿ, ನನ್ನ ಜೊತೆ ಬರುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರು, ನಾನು ಬಂದ್ರೆ ನೀನು ಇಬ್ಬರನ್ನ ಸಮಾಧಾನ ಮಾಡ್ಬೇಕಾಗುತ್ತೆ, ಒಂದು ಮಗು ಸಾಕು ನಿಂಗೆ, ಎಂದರು, ಅದು ನಿಜ, ಸಿನಿಮಾದಲ್ಲಿ ನಾಯಿ ಸತ್ತರೂ ಅಳುವ ಗಂಡಸು. ನಾವು ಗಾಡಿಗಳ ಸೀಟು ಹೊಲಿಯುವವರು, ಬಸ್ಸು, ವ್ಯಾನು, ಕಾರು, ಹರಿದದ್ದು ಕುಸಿದದ್ದು ಏನೇ ಬರಲಿ, ಇವರು ಸುಲಿಯುವುದು ಕತ್ತರಿಸುವುದು, ನಾನು ಹೊಲಿಯುವುದು, ಬಟಾಣಿ ಸ್ಪಂಜಿನ ತುಂಡುಗಳ ರಾಶಿಯಲ್ಲೇ ಮಗುಚಿದಳು, ತೆವಳಿದಳು, ಅಂಬೆಗಾಲಿಟ್ಟಳು, ಇವಳು ಬಿದ್ದು ಪೆಟ್ಟು ಮಾಡಿಕೊಂಡದ್ದೇ ಇಲ್ಲ, ನೆಲ ಗಟ್ಟಿಯಿರುತ್ತದೆಂದು ಇವಳಿಗೆ ಇನ್ನೂ ಪೂರ್ತಿ ಗೊತ್ತಿಲ್ಲ. ಹಳೇ ಸೀಟಿನ ಸಂದಿಯಲ್ಲಿ ಸಿಕ್ಕಿದ್ದೆಲ್ಲ ಇವಳ ಆಸ್ತಿ, ಪೆನ್ನಿನ ಮುಚ್ಚಳ, ಒಂಟಿ ಕಿವಿಯೋಲೆ, ಯಾರದೋ ಕೋಟಿನ ದೊಡ್ಡ ಗುಂಡಿ, ಅವನ್ನೆಲ್ಲ ಬಿಸ್ಕೆಟ್ಟಿನ ಡಬ್ಬಕ್ಕೆ ಹಾಕಿ ಗಲಗಲ ಅನ್ನಿಸುವುದೇ ಆಟ, ಕಿವಿಯೋಲೆ ನುಂಗಿಯಾಳೆಂದು ನಾನು ತೆಗೆದಿಡುವುದು, ಇವರು ಕದ್ದು ಮತ್ತೆ ಹಾಕುವುದು. ಈಗ ಶೆಡ್ಡಿನ ಬಾಗಿಲಲ್ಲಿ ನಿಂತರೆ ಇವರು ತಲೆ ಎತ್ತುವುದಿಲ್ಲ, ಬಟಾಣಿ ದೊಪ್ಪಾ ಎಂದು ಕರೆಯುತ್ತಾಳೆ, ಆಗ ಎದ್ದು ಬಂದರು, ಕೈಯನ್ನು ಅಂಗಿಗೆ ಒರೆಸಿಕೊಂಡು ಇವಳ ಎರಡೂ ಜುಟ್ಟು ಹಿಡಿದು, ಹಾರ್ನ್ ಎಲ್ಲಿದೆ ಈ ಗಾಡೀಗೆ, ಪೀಂ ಪೀಂ ಎಂದರು, ಇವಳು ಪೀಂ ಎಂದಳು, ಅಷ್ಟೇ, ಮುಗಿಯಿತು, ಒಳಗೆ ಹೋಗಿಬಿಟ್ಟರು, ಪಿನ್ನು ಕೀಳುವ ಸದ್ದು ಮತ್ತೆ ಶುರುವಾಗಲಿಲ್ಲ. ತಾಯಿ ಹುಷಾರಾಗಿದ್ದಾಳೆ, ಕೆಲಸಕ್ಕೂ ಹೋಗುತ್ತಿದ್ದಾಳೆ, ಮಗುವನ್ನು ಒಪ್ಪಿಸುವ ದಿನ ಗೊತ್ತು ಮಾಡುತ್ತೇವೆ ಎಂದು ಮೇಡಂ ಫೋನು ಮಾಡಿದ ಮಧ್ಯಾಹ್ನ ನಾನು ಸೂಜಿ ಕೆಳಗಿಟ್ಟು, ದೇವರು ಏನು ಮಾಡ್ತಿದ್ದಾನೆ ಅಂತ ನಿಮಗಾದ್ರೂ ಗೊತ್ತಾ ಎಂದು ಇವರ ಮೇಲೆ ಕೂಗಾಡಿದ್ದೆ, ಇವರೇನು ದೇವರ ಕಾರಕೂನರೇ, ಕತ್ತರಿಯನ್ನು ಪಕ್ಕಕ್ಕಿಟ್ಟು, ನಂಗೆ ಗೊತ್ತಿಲ್ಲ ಕಣೇ, ಗಾಡಿ ಓಡಿಸೋನು ಅವನು, ದಾರಿ ಅವನಿಗೆ ಗೊತ್ತು, ನಮ್ಮದು ಸೀಟು ಗಟ್ಟಿಯಾಗಿ ಹೊಲಿಯೋ ಕೆಲಸ, ಕೂತೋರು ಬೀಳಬಾರದು ಅಷ್ಟೇ ಎಂದರು, ಹೇಳಿದ ಮೇಲೆ ತಮ್ಮ ಮಾತು ತಮಗೇ ದೊಡ್ಡದಾಯಿತೇನೋ ಎಂಬಂತೆ ಕಿವಿ ಕೆರೆದುಕೊಂಡರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಬಟಾಣಿ ತೊಡೆಯ ಮೇಲೆ ನಿಂತು ಗಾಜಿಗೆ ಮೂಗು ಒತ್ತಿದ್ದಾಳೆ, ಅಂಗಡಿಗಳು ಈಗಷ್ಟೇ ಬಾಗಿಲು ತೆರೆಯುತ್ತಿವೆ, ಒಬ್ಬ ಮೆಟ್ಟಿಲಿಗೆ ನೀರು ಸುರಿಯುತ್ತಿದ್ದಾನೆ, ಈ ಸೀಟಿನ ಹೊಲಿಗೆ ಬಿಟ್ಟಿದೆ, ಯಾರು ಹೊಲಿದರೋ, ಅವಸರದ ಕೆಲಸ, ನನ್ನ ಬೆರಳು ತನ್ನಷ್ಟಕ್ಕೆ ಆ ಸೀಳನ್ನು ಮುಟ್ಟಿ ನೋಡುತ್ತಿದೆ. ಅಕ್ಕನಾದರೆ ಈ ಬಸ್ಸನ್ನೇ ಹತ್ತುತ್ತಿರಲಿಲ್ಲ, ಮಗುವಿಗೆ ಜ್ವರ ಎಂದು ಹೇಳಿ ಮನೆಯಲ್ಲೇ ಉಳಿಯುತ್ತಿದ್ದಳು, ನನ್ನ ಅಕ್ಕ ಒಳ್ಳೆಯವಳು, ಕಷ್ಟಕ್ಕೆ ಮೊದಲು ಓಡಿಬರುವವಳು ಅವಳೇ, ಹೋದ ವಾರ ನಮ್ಮ ಮನೆಯಲ್ಲಿ ಚರ್ಚ್ ಸಭೆಯ ಹೆಂಗಸರೆಲ್ಲ ಪ್ರಾರ್ಥನೆಗೆ ಸೇರಿದ್ದಾಗ ಕಣ್ಣೀರು ಸುರಿಸಿಕೊಂಡು ಪ್ರಾರ್ಥಿಸಿದಳು, ಕರ್ತನೇ, ಈ ಕೂಸು ಇಲ್ಲೇ ಉಳೀಲಿ, ಆ ಹೆಂಗಸಿಗೆ ಮತ್ತೆ ಹುಷಾರು ತಪ್ಪಿದ್ರೂ ಪರವಾಗಿಲ್ಲ, ನೀನು ಸರ್ವಶಕ್ತ, ನಿನಗೆ ಏನು ತಾನೇ ಅಸಾಧ್ಯ, ಎಲ್ಲರೂ ಆಮೆನ್ ಎಂದರು, ನನ್ನ ನಾಲಿಗೆ ಮೇಲಕ್ಕೆ ಅಂಟಿಕೊಂಡಿತು, ಒಳಗಿನ ಒಂದು ನಾನು ಆಗಲೇ ಆಮೆನ್ ಎಂದು ಕುಣಿಯುತ್ತಿದ್ದಳು, ಇನ್ನೊಂದು ನಾನು ಕಂಡಿದ್ದು ಆಸ್ಪತ್ರೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತ ಒಬ್ಬ ಹುಡುಗಿಯನ್ನು, ಅವಳಿಗೂ ಯಾರಾದರೂ ಅಕ್ಕ ಇದ್ದಿದ್ದರೆ ಹೀಗೇ ಅತ್ತು ಬೇಡಿಕೊಳ್ಳುತ್ತಿರಲಿಲ್ಲವೇ, ಇತ್ತ ಕಡೆಯ ಅಕ್ಕ ಅತ್ತ ಕಡೆಯ ಅಕ್ಕ ಇಬ್ಬರೂ ಒಂದೇ ಬಾಗಿಲು ತಟ್ಟಿದರೆ ಬಾಗಿಲ ಒಳಗಿರುವವನು ಯಾರ ಮಾತು ಕೇಳಬೇಕು. ಪ್ರಾರ್ಥನೆ ಮುಗಿದ ಮೇಲೆ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತ ಅಕ್ಕ ದನಿ ತಗ್ಗಿಸಿದಳು, ನೀನು ಬಿಟ್ಟುಕೊಟ್ಟ ಹಾಗೆ ಮಾಡೇ, ಮನಸ್ಸಿಂದ ಬಿಟ್ಟುಕೊಟ್ರೆ ದೇವರು ನೋಡಿ ಮೆಚ್ಚಿ ವಾಪಸ್ ಕೊಟ್ಟೇ ಕೊಡ್ತಾನೆ — ಅಕ್ಕಾ, ಅದು ಬಿಟ್ಟುಕೊಡೋದಲ್ಲ, ಚೌಕಾಸಿ ಎಂದೆ, ಅವಳಿಗೆ ಕೋಪ ಬಂತು, ಹೋಗೇ, ನಿಂಗೆ ಬೇಡ ಅಂದ್ರೆ ಬೇಡ, ಅಲ್ಲಿ ಹೋಗಿ ಅವಳ ಕೈ ನಡುಗುತ್ತೆ ಅಂತ ಒಂದು ಮಾತು ಹೇಳೋಕೂ ನಿಂಗೆ ಬಾಯಿಲ್ವಾ, ಇರೋದನ್ನೇ ಹೇಳು ಅಂದೆ ನಾನು, ಸುಳ್ಳು ಹೇಳು ಅಂದ್ನಾ? ಅದೇ, ಅದೇ ಮಾತು ಅಂದಿನಿಂದ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ, ಆ ಹುಡುಗಿ ಮಗುವನ್ನು ನೋಡಲು ಕೇಂದ್ರಕ್ಕೆ ಬರುತ್ತಿದ್ದಾಗೆಲ್ಲ ನಾನೂ ಅಲ್ಲೇ ಇರುತ್ತಿದ್ದೆ, ಅವಳ ಕೈ ನಡುಗುವುದು ನಿಜ, ಹಾಲಿನ ಲೋಟ ಚೆಲ್ಲಿದ್ದು ನಿಜ, ನಾನು ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡರೆ ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನಮಗೆ ಮಕ್ಕಳಾಗಲಿಲ್ಲ ಎಂದಾಗ ಬಂದವರೆಲ್ಲ ದೇವರ ಚಿತ್ತ ಎನ್ನುತ್ತಿದ್ದರು, ಉಕ್ಕುವ ಪಾತ್ರೆಯ ಮೇಲೆ ಮುಚ್ಚಳ ಒತ್ತಿಡುವ ಹಾಗೆ, ಮಾತು ಮುಗಿಸಲು ಅದಕ್ಕಿಂತ ಸುಲಭದ ಮಾತಿಲ್ಲ, ನಾನೂ ಎನ್ನುತ್ತಿದ್ದೆ, ಸೂಜಿ ಮುರಿದರೆ ದೇವರ ಚಿತ್ತ, ಕರೆಂಟು ಹೋದರೆ ದೇವರ ಚಿತ್ತ, ಸೂಜಿ ಮುರಿದಾಗ ಹಾಗೆನ್ನಲು ಏನು ಖರ್ಚು, ಇನ್ನೊಂದು ಸೂಜಿ ಇದ್ದೇ ಇರುತ್ತದೆ — ದೊಮ್ಮಾ, ನಾಯಿ, ಎಂದಳು, ಹೌದು ಕಣೇ, ನಾಯಿ, ಕರಿ ನಾಯಿ, ಇಳಿಯುವ ಜಾಗ ಬಂತು, ಬ್ಯಾಗು ಎಲ್ಲಿ, ಡಬ್ಬ ಎಲ್ಲಿ, ಇದೆ, ಎಲ್ಲ ಇದೆ.

ಕೇಂದ್ರದ ಮೆಟ್ಟಿಲಿಗೆ ಹೊಸದಾಗಿ ಹಸಿರು ಬಣ್ಣ ಬಳಿದಿದ್ದಾರೆ, ವಾಸನೆ ಇನ್ನೂ ಹೋಗಿಲ್ಲ, ಹೊರಗಿನ ಬೆಂಚಿನಲ್ಲಿ ಅವಳು ಕೂತಿದ್ದಾಳೆ, ಹೆತ್ತವಳು, ಎಷ್ಟು ಸಣ್ಣ ವಯಸ್ಸು, ಇಸ್ತ್ರಿ ಮಾಡಿದ ಬಟ್ಟೆ, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಾಳೆ, ನಡುಗುವುದು ಕಾಣಬಾರದೆಂದು, ನಮ್ಮನ್ನು ಕಂಡು ಎದ್ದಳು, ಮುಂದೆ ಬರಲಿಲ್ಲ, ಬಟಾಣಿ ನನ್ನ ಕುತ್ತಿಗೆಯನ್ನು ಬಿಗಿ ಹಿಡಿದಳು. ಮೇಡಂ ನನ್ನನ್ನು ಮಾತ್ರ ಒಳಗೆ ಕರೆದರು, ಮಗು ಆಯಾಳ ಹತ್ತಿರ ಡಬ್ಬ ಗಲಗಲ ಅನ್ನಿಸುತ್ತಿದೆ, ಬಾಗಿಲು ಅರ್ಧ ತೆರೆದೇ ಇದೆ, ಕೂತ್ಕೊಳಿ ಎಂದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ದಣಿದ ಕಣ್ಣು, ಪಾಪ, ದಿನಾ ಇದೇ ಕೆಲಸ, ಎಲ್ಲಿಂದಲೋ ತಂದು ಎಲ್ಲಿಗೋ ಒಪ್ಪಿಸುವುದು. ನೋಡಮ್ಮ, ಡಾಕ್ಟ್ರು ಒಪ್ಪಿದ್ದಾರೆ, ನಾವೂ ಒಪ್ಪಿದ್ದೀವಿ, ಆದ್ರೆ ಅವಳು ಮಗು ಜೊತೆ ಇದ್ದಾಗ ನಮ್ಮೆಲ್ಲರಿಗಿಂತ ಹತ್ತಿರದಿಂದ ನೋಡಿರೋದು ನೀವು, ನಿಮ್ಮ ಮನಸ್ಸಿಗೆ ಏನಾದ್ರೂ ಭಯ ಅನ್ನಿಸಿದ್ರೆ ಈಗಲೇ ಹೇಳ್ಬಿಡಿ, ನೀವು ಬೇಡ ಅಂದ್ರೆ ಇನ್ನೊಂದಷ್ಟು ತಿಂಗಳು ನಿಮ್ಮ ಹತ್ರಾನೇ ಇರ್ಲಿ, ಯಾರೂ ನಿಮ್ಮನ್ನ ತಪ್ಪು ತಿಳಿಯಲ್ಲ — ಅಯ್ಯೋ ಕರ್ತನೇ, ಇಷ್ಟು ಹತ್ತಿರಕ್ಕೆ ತಂದು ಇಡುತ್ತೀಯಾ, ಕೈಚಾಚಿದರೆ ಸಿಗುವಷ್ಟು ಹತ್ತಿರಕ್ಕೆ, ಒಂದು ಮಾತು, ಕೈ ನಡುಗುತ್ತದೆ ಎಂಬ ಎರಡೇ ಪದ, ಸಂಜೆ ಜುಟ್ಟು ಬಿಚ್ಚುವವಳು ನಾನೇ ಆಗುತ್ತೇನೆ, ಇವರು ಅಂಗಿಗೆ ಕೈ ಒರೆಸಿಕೊಂಡು ಓಡಿಬರುತ್ತಾರೆ, ಯಾರಿಗೆ ಗೊತ್ತು, ಇದೇ ನಿನ್ನ ದಾರಿಯೇನೋ, ಮೇಡಂ ಬಾಯಿಂದ ಮಾತಾಡುತ್ತಿರುವವನು ನೀನೇ ಏನೋ — ಅಲ್ಲ, ನಿಲ್ಲು, ಹೀಗೇ ಜಾರುವುದು ಮನಸ್ಸು, ತನಗೆ ಬೇಕಾದ ಕಡೆಗೆ ಜಾರಿ ಅದಕ್ಕೆ ದೇವರ ಹೆಸರು ಹಚ್ಚುವುದು, ನೀನು ಆಳುವವನು ಹೌದೋ ಅಲ್ಲವೋ, ಆಳುವವನು ಹೌದಾದರೆ ಅರ್ಧ ಸತ್ಯ ಹೇಳಿ ನಿನಗೆ ಸಹಾಯ ಮಾಡುವ ಅಗತ್ಯ ನನಗೇನಿದೆ, ಮಗು ನನ್ನ ಮನೆಯಲ್ಲೇ ಬೆಳೆಯಬೇಕೆಂದು ನಿನಗಿದ್ದರೆ ನಾನು ಪೂರ್ತಿ ಸತ್ಯ ಹೇಳಿದರೂ ಬೆಳೆಯುತ್ತಾಳೆ, ಬೆಳೆಯಬಾರದೆಂದಿದ್ದರೆ ನಾನು ಕದ್ದು ಇಟ್ಟುಕೊಂಡದ್ದು ನನಗೆ ದಕ್ಕುವುದಿಲ್ಲ, ನಾನು ಸೀಟು ಹೊಲಿಯುವವಳು, ಗಟ್ಟಿಯಾಗಿ ಹೊಲಿಯಬೇಕು, ಒಂದು ಹೊಲಿಗೆಯನ್ನೂ ಬಿಡಬಾರದು. ಬಾಯಿ ತೆರೆದೆ, ಮೇಡಂ, ಅವಳ ಕೈ ನಡುಗುತ್ತೆ, ಮಾತ್ರೆಯಿಂದ ಅಂತ ಅವಳೇ ಹೇಳಿದ್ಲು, ಒಂದು ಸಲ ಹಾಲು ಚೆಲ್ತು, ಆದ್ರೆ ಹಾಲು ಚೆಲ್ಲಿದಾಗ ಅವಳು ಮೊದಲು ನೋಡಿದ್ದು ಲೋಟಾನಲ್ಲ, ತನ್ನ ಬಟ್ಟೇನೂ ಅಲ್ಲ, ಮಗುವಿಗೆ ಬಿಸಿ ತಾಗ್ತಾ ಅಂತ, ಆಮೇಲಿಂದ ಯಾವಾಗ್ಲೂ ಆರಿಸಿ, ಅರ್ಧ ಲೋಟ ಮಾತ್ರ ತಂದ್ಲು, ಇವಳು ನಿದ್ದೆ ಮಾಡಿದ್ರೆ ಅವಳು ಎದ್ದು ಹೋಗ್ತಿರಲಿಲ್ಲ, ಕಾಲು ಜೋಮು ಹಿಡಿದ್ರೂ ಕೂತೇ ಇರ್ತಿದ್ಲು, ನಾನು ನೋಡಿದ್ದು ಇಷ್ಟು. ಹಾಗಾದ್ರೆ ನಿಮಗೆ ಭಯ ಇಲ್ಲ? — ಇಲ್ಲ ಎಂದೆ. ಬಾಗಿಲಾಚೆ ಡಬ್ಬದ ಗಲಗಲ ನಿಂತಿತ್ತು, ಬೆಂಚಿನ ಕಡೆಯಿಂದ ಯಾರೋ ಉಸಿರೆಳೆದುಕೊಂಡ ಸದ್ದು, ಎಲ್ಲ ಕೇಳಿಸಿಕೊಂಡಿದ್ದಾಳೆ, ಕೇಳಲಿ, ಕಾಲು ನೆಲದ ಮೇಲೆ ಗಟ್ಟಿಯಾಗಿದೆ, ಬೀಳುವುದಿಲ್ಲ, ಆಶ್ಚರ್ಯ, ಬೀಳುವುದಿಲ್ಲ.

ಹೊರಗೆ ಬಂದು ಆಯಾಳ ಕೈಯಿಂದ ಬಟಾಣಿಯನ್ನು ಎತ್ತಿಕೊಂಡೆ, ಅಕ್ಕಾ, ಎಂದಳು ಹೆತ್ತವಳು, ನನ್ನನ್ನು ಅವಳು ಅಕ್ಕ ಎಂದು ಕರೆದದ್ದು ಇದೇ ಮೊದಲು, ಇಷ್ಟು ದಿನ ಏನೆಂದೂ ಕರೆಯುತ್ತಿರಲಿಲ್ಲ, ಅಕ್ಕಾ, ಇವಳನ್ನ ಮಲಗಿಸೋಕೆ ನೀವು ಏನು ಮಾಡ್ತೀರಿ, ನಂಗೆ ಅದೊಂದು ಗೊತ್ತಿಲ್ಲ, ಹಗಲು ಹೊತ್ತು ಆಟದಲ್ಲಿ ಕಳೆಯುತ್ತೆ, ನಿದ್ದೆ ಹೊತ್ತಿಗೆ ನಿಮ್ಮನ್ನ ಕೇಳಿದ್ರೆ? ಅಯ್ಯೋ ತಂಗಿ, ನಾವು ಇವಳನ್ನು ಮಲಗಿಸಿದ್ದೇ ಇಲ್ಲ, ಹೊಲಿಗೆ ಯಂತ್ರ ಮಲಗಿಸಿದ್ದು, ಅದರ ಸದ್ದಿಗೆ ಇವಳ ರೆಪ್ಪೆ ತಾನಾಗಿ ಇಳಿಯುತ್ತದೆ, ನಿನ್ನ ಕೋಣೆಗೆ ನಾನು ಯಂತ್ರ ಹೊತ್ತು ತರಲೇ — ತಡಿ, ಹೀಗೆ ಮಾಡು ಎಂದು ಅವಳ ಪಕ್ಕ ಬೆಂಚಿನ ಮೇಲೆ ಕೂತೆ, ತುಟಿ ಮುಚ್ಚಿ ಗಂಟಲಿನಿಂದ, ಡುರ್ರ್ರ್, ಮಧ್ಯೆ ಬಟ್ಟೆ ತಿರುಗಿಸುವಾಗ ನಿಲ್ಲುತ್ತಲ್ಲ ಹಾಗೆ ಒಂಚೂರು ನಿಲ್ಲು, ಮತ್ತೆ ಡುರ್ರ್ರ್, ಕಿವಿ ಹತ್ರ, ಮೇಡಂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ದೊಡ್ಡ ಹೆಂಗಸರಿಬ್ಬರು ಕೇಂದ್ರದ ಬೆಂಚಿನ ಮೇಲೆ ಯಂತ್ರದ ಹಾಗೆ ಗುರುಗುಡುತ್ತಿದ್ದೇವೆ, ಅವಳು ಬಟಾಣಿಯ ಕಿವಿಯ ಹತ್ತಿರ ಬಗ್ಗಿ ಡುರ್ರ್ ಎಂದಳು, ಕೈ ನಡುಗುವ ಹಾಗೇ ದನಿಯೂ ನಡುಗಿತು, ಹಳೇ ಯಂತ್ರದ ಹಾಗೆ, ಎಣ್ಣೆ ಬಿಡದ ಯಂತ್ರದ ಹಾಗೆ, ಬಟಾಣಿ ತಿರುಗಿ ಅವಳ ಮುಖ ನೋಡಿದಳು, ಈ ಸದ್ದು ಇಲ್ಲಿಂದ ಹೇಗೆ ಬರುತ್ತಿದೆ ಎಂಬಂತೆ, ಕೈ ಚಾಚಿ ಅವಳ ತುಟಿಯ ಮೇಲಿಟ್ಟಳು, ಒಳಗೆ ಗುರುಗುಟ್ಟುವುದು ಬೆರಳಿಗೆ ತಾಗಿರಬೇಕು, ಕಿಲಕಿಲ ಎಂದು ನಕ್ಕಳು, ಇನ್ನೊಮ್ಮೆ ಎಂದಳು. ನನ್ನ ಎದೆಯಲ್ಲಿ ಏನೋ ಒಂದು ಹರಿಯಿತು, ಆ ಹರಿದ ಜಾಗದಿಂದಲೇ ಒಂದು ಸ್ತೋತ್ರವೂ ಹೊರಬಂತು, ಎರಡೂ ಒಟ್ಟಿಗೆ, ಹೇಗೆಂದು ಕೇಳಿದರೆ ಹೇಳಲಾರೆ. ಅವಳು ಇನ್ನೊಮ್ಮೆ ಮಾಡಿದಳು, ಇನ್ನೊಮ್ಮೆ, ನಾನು ನಿಧಾನವಾಗಿ ನನ್ನ ಕುತ್ತಿಗೆಯ ಸುತ್ತ ಇದ್ದ ಇನ್ನೊಂದು ಕೈಯನ್ನು ಬಿಡಿಸಿದೆ, ಒಂದೊಂದೇ ಬೆರಳು, ಬಟಾಣಿಗೆ ಗೊತ್ತಾಗಲಿಲ್ಲ, ಹೆತ್ತವಳು ಎತ್ತಿಕೊಂಡು ಕೇಂದ್ರದ ವ್ಯಾನಿನವರೆಗೂ ಹೋದಾಗಲೂ ಗೊತ್ತಾಗಲಿಲ್ಲ, ಬಾಗಿಲು ಮುಚ್ಚಿದಾಗ ಗೊತ್ತಾಯಿತು. ದೊಮ್ಮಾ, ಎಂಬುದು ಗಾಜಿನ ಆಚೆಯಿಂದ ಬಾಯಿಯ ಆಕಾರ ಮಾತ್ರವಾಗಿ ಬಂತು, ನಾನು ನಕ್ಕೆ, ಹಾಕಿಕೊಂಡ ಗೆರೆ ದಾಟಲಿಲ್ಲ, ಹಲ್ಲು ಕಾಣುವಂತೆ ನಕ್ಕು ಟಾಟಾ ಎಂದು ಕೈ ಬೀಸಿದೆ, ಹೆತ್ತವಳು ಅವಳ ಕಿವಿಗೆ ಏನೋ ಹೇಳಿದಳು, ಬಟಾಣಿ ಅಳುಮುಖದಲ್ಲೇ ತಾನೂ ಕೈ ಎತ್ತಿದಳು, ಇವಳಿಗೆ ಟಾಟಾ ಮಾಡಲು ಇನ್ನೂ ಸರಿಯಾಗಿ ಬರುವುದಿಲ್ಲ, ಎದುರಿನವರ ಅಂಗೈ ತನಗೆ ಕಂಡಂತೆ ತನ್ನ ಅಂಗೈಯನ್ನೂ ತನ್ನ ಕಡೆಗೇ ತಿರುಗಿಸಿಕೊಳ್ಳುತ್ತಾಳೆ, ಬೆರಳು ಮಡಿಸಿ ಬಿಡಿಸುತ್ತಾಳೆ, ಬಾ ಬಾ ಎಂದು ಕರೆದ ಹಾಗೆ.

ಮರಳುವ ಬಸ್ಸಿನಲ್ಲಿ ನಿಂತೇ ಬಂದೆ, ಜಾಗವಿತ್ತು, ಕೂರಬೇಕೆನಿಸಲಿಲ್ಲ, ಮಡಿಲು ಎಂಬುದು ಕೂತರೆ ತಾನೇ ಆಗುವುದು. ಅಕ್ಕ ಫೋನು ಮಾಡಿದಳು, ಏನಾಯ್ತೇ ಎಂದಳು, ಕೊಟ್ಟೆ ಅಕ್ಕ ಎಂದೆ, ಕೈ ವಿಷಯ ಹೇಳಿದ್ಯಾ, ಹೇಳಿದೆ, ಎಲ್ಲಾನೂ ಹೇಳಿದೆ, ಎಂದೆ, ಆ ಕಡೆಯಿಂದ ಮೂಗು ಸೀಟುತ್ತ, ಸಂಜೆ ಬರ್ತೀನಿ, ಅಡುಗೆ ಮಾಡ್ಬೇಡ ಎಂದಳು, ಒಳ್ಳೆಯವಳು. ಅಕ್ಕಾ, ಆ ಹುಡುಗಿಗೋಸ್ಕರ ಪ್ರಾರ್ಥನೆ ಮಾಡು, ಹುಷಾರಾಗೇ ಇರ್ಲಿ ಅಂತ, ಎಂದೆ, ನೋಡೋಣ ಬಿಡೇ ಎಂದು ಫೋನಿಟ್ಟಳು, ಇಂದಲ್ಲದಿದ್ದರೆ ನಾಳೆ ಮಾಡುತ್ತಾಳೆ, ಅದಕ್ಕೆ ಆಮೆನ್ ಹೇಳಲು ನನಗೆ ನಾಲಿಗೆ ಅಂಟುವುದಿಲ್ಲ. ಶೆಡ್ಡಿನಲ್ಲಿ ಇವರು ಬೂದು ಬಣ್ಣದ ರೆಕ್ಸಿನನ್ನು ಕತ್ತರಿಸಿ ಜೋಡಿಸಿಟ್ಟಿದ್ದಾರೆ, ಅಂಚಿಗೆ ಅಂಚು ಸರಿಯಾಗಿ, ಕಣ್ಣು ಕೆಂಪಗಿದೆ, ಅಂಟಿನ ವಾಸನೆ ಕಣೇ, ಕಣ್ಣಿಗೆ ಹೊಡೆಯುತ್ತೆ ಎಂದರು, ಹೌದು ಎಂದೆ, ಇವತ್ತು ಅಂಟಿನ ಡಬ್ಬದ ಮುಚ್ಚಳವನ್ನೇ ತೆಗೆದಿಲ್ಲ. ನಕ್ಕಳಾ ಎಂದು ಕೇಳಿದರು, ನಕ್ಕಳು, ಅವಳಮ್ಮನ ಬಾಯಿ ಮೇಲೆ ಕೈ ಇಟ್ಟು ನಕ್ಕಳು ಎಂದೆ, ಅವಳಮ್ಮ ಎಂದು ಬಾಯಲ್ಲಿ ಬಂತು, ತಡೆಯಿಲ್ಲದೆ ಬಂತು, ಇವರು ತಲೆಯಾಡಿಸಿದರು, ಹಾಗಾದ್ರೆ ಸರಿ, ಸ್ವಾಮಿಗೆ ಸ್ತೋತ್ರ ಎಂದು ಆ ಕಡೆ ತಿರುಗಿಕೊಂಡರು, ಹೆಗಲು ಅಲುಗುತ್ತಿತ್ತು, ನಾನು ಅಲ್ಲೇ ನಿಂತು ಅವರ ಬೆನ್ನ ಮೇಲೆ ಕೈಯಿಟ್ಟೆ, ಈಗ ಅಳಬಹುದು, ಕೆಲಸ ಮುಗಿದಿದೆ, ಇಬ್ಬರೂ ಅತ್ತೆವು, ಮುಚ್ಚುಮರೆಯಿಲ್ಲದೆ, ಹಗಲಿನಲ್ಲೇ, ಬಾಗಿಲು ತೆರೆದಿರುವಾಗಲೇ. ಆಮೇಲೆ ನಾನು ಯಂತ್ರದ ಮುಂದೆ ಕೂತೆ, ನಾಳೆ ವ್ಯಾನಿನವನು ಬರುತ್ತಾನೆ, ನಾಡಿದ್ದು ಮೇಡಂ ಫೋನು ಮಾಡಿ ಬಟಾಣಿ ಹೇಗಿದ್ದಾಳೆಂದು ಹೇಳುತ್ತಾರೆ, ಅಥವಾ ಹೇಳುವುದಿಲ್ಲ, ಇನ್ನೊಂದು ಟವೆಲಿನಲ್ಲಿ ಇನ್ನೊಂದನ್ನು ಸುತ್ತಿ ತಂದರೂ ತಂದಾರು, ಆಗುತ್ತಾ ನಿಮ್ಮ ಕೈಲಿ ಎಂದರೆ ಈ ಸಲ ಎಲ್ಲ ತಿಳಿದೇ ಆಗುತ್ತೆ ಎನ್ನಬೇಕು, ಎನ್ನುತ್ತೇನೆ, ದಾರಿ ನಿನಗೆ ಗೊತ್ತು ಕರ್ತನೇ, ಕೆಲವು ಸಲ ನನಗೆ ಕೋಪ ಬರುತ್ತದೆ, ಬರಲಿ, ಕೋಪದಲ್ಲೂ ನಾನು ಇಳಿದುಹೋಗುವುದಿಲ್ಲ, ಈ ಗಾಡಿಯಲ್ಲೇ ಇರುತ್ತೇನೆ, ಅಂಚಿಗೆ ಅಂಚು ಹಿಡಿದು ಪೆಡಲಿನ ಮೇಲೆ ಕಾಲಿಟ್ಟೆ, ಡುರ್ರ್ ಎಂದಿತು, ರೆಕ್ಸಿನು ಸೂಜಿಯ ಕೆಳಗೆ ಸಲೀಸಾಗಿ ಹೋಗುತ್ತಿದೆ, ಬೂದು, ಬೂದು, ಗಾಜಿನ ಹಾಗೆ ಮಿನುಗುವ ಬೂದು, ಅದರ ಆಚೆ ಒಂದು ಪುಟ್ಟ ಕೈ, ಹೊಲಿಗೆ ನೇರವಾಗಿದೆ, ಮುಂದಕ್ಕೆ, ಮೂಲೆ ಬಂತು, ತಿರುಗಿಸಬೇಕು, ತಿರುಗಿಸಿದೆ, ಮತ್ತೆ ಆ ಕೈ, ಹೋಗುತ್ತೇನೆ ಎಂದಿತೋ, ಬಾ ಎಂದಿತೋ, ಎರಡಕ್ಕೂ ಅವಳಿಗೆ ಗೊತ್ತಿರುವುದು ಅದೊಂದೇ ರೀತಿ, ಕಾಲು ಪೆಡಲಿನ ಮೇಲೆ ನಿಂತಿದೆ, ಯಂತ್ರ ನಿಂತಿದೆ, ಗಾಜಿನ ಹಿಂದೆ ಪುಟ್ಟ ಅಂಗೈ, ಅವಳ ಕಡೆಗೇ ತಿರುಗಿದ ಅಂಗೈ, ಬೆರಳು ಮಡಿಸಿ, ಬಿಡಿಸಿ, ಮಡಿಸಿ —